ಚೆನ್ನಾಗಿದೆ ಎಂದ ನಾಲ್ಕು ಲಕ್ಷ ಮನೆಗಳು

ದಿನಾ ಬೆಳಿಗ್ಗೆ ಆರು ಗಂಟೆಗೆ ಐದು ನಿಮಿಷವಿರುವಾಗ ನಮ್ಮ ಜಿಲ್ಲೆಯ ಮನೆಮನೆಯಲ್ಲೂ ಫೋನು ಸಣ್ಣಗೆ ಒಮ್ಮೆ ರಿಂಗಾಗುತ್ತಿತ್ತು. ಎತ್ತಿದರೆ ಒಂದು ಹೆಣ್ಣುದನಿ. "ನಮಸ್ಕಾರ. ನಿಮ್ಮ ಗೀಸರ್ ಹೇಗಿದೆ?" ಆ ದನಿಗೆ ಒಡತಿಯೆಂದು ಯಾರೂ ಇರಲಿಲ್ಲ. ಹತ್ತಾರು ಹೆಂಗಸರ ದನಿಯನ್ನು ಅರೆದು, ಸೋಸಿ, ಒರಟೆಲ್ಲ ತೆಗೆದು ಮಾಡಿದ್ದು. ಮದುವೆ ಮನೆಯ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸುವವರ ವಿನಯ ಅದರಲ್ಲಿತ್ತು. ಆ ವಿನಯದಿಂದಲೇ ಎಲ್ಲ ಕೆಟ್ಟಿತು.

ಮೊದಲು ಓಲೆಯ ವಿಷಯ ಹೇಳಬೇಕು. ಕಂಪನಿ ಅದಕ್ಕೆ ಕಿವಿಯೋಲೆ ಎಂದು ಹೆಸರಿಟ್ಟಿತ್ತು. ಜನ ಓಲೆ ಎಂದರು. ಐದು ರೂಪಾಯಿ ನಾಣ್ಯದಷ್ಟಗಲದ ಬಿಲ್ಲೆ; ಗೀಸರಿನ ಹೊಟ್ಟೆಗೆ ಅಂಟಿಸಿದರೆ ಒಳಗಿನ ಸದ್ದನ್ನೆಲ್ಲ ಕೇಳಿಸಿಕೊಂಡು ತುಮಕೂರಿನಲ್ಲಿದ್ದ ನಮ್ಮ ನಿಯಂತ್ರಣ ಕೊಠಡಿಗೆ ಕಳಿಸುತ್ತಿತ್ತು. ಅಲ್ಲಿದ್ದ ಯಂತ್ರ ಸದ್ದನ್ನು ಪರೀಕ್ಷಿಸಿ, ರೋಗವಿದೆ ಅನ್ನಿಸಿದರೆ ಆ ಗೀಸರಿನ ಕರೆಂಟು ತೆಗೆಯುತ್ತಿತ್ತು. ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯ ಉಪಕರಣವೇ. ಆದರೆ ಓಲೆ ಬಂದ ಮರುವರ್ಷವೇ ಗೀಸರ್ ಮಾಡುವವರು ಹಳೆಯ ಪಿತ್ತಾಳೆಯ ವಾಲ್ವನ್ನು ತೆಗೆದುಹಾಕಿದರು. ಒಳಗೆ ಒತ್ತಡ ಹೆಚ್ಚಿದಾಗ ತಾನೇ ತೆರೆದುಕೊಂಡು ನೀರು ಹೊರಬಿಡುತ್ತಿದ್ದ ಬಡಪಾಯಿ ವಾಲ್ವು ಅದು. ಹನಿ ಹನಿ ತೊಟ್ಟಿಕ್ಕುತ್ತದೆ, ಟೈಲ್ಸ್ ಮೇಲೆ ಕಲೆಯಾಗುತ್ತದೆ ಎಂದು ಎಲ್ಲರಿಗೂ ಅದರ ಮೇಲೆ ಅಸಮಾಧಾನವಿತ್ತು. ಕೇಳುವ ಯಂತ್ರವಿರುವಾಗ ಸೋರುವ ಯಂತ್ರವೇಕೆ ಎಂದು ಒಬ್ಬರು ಬರೆದರು, ಇನ್ನೊಬ್ಬರು ಸಹಿ ಹಾಕಿದರು. ಇಬ್ಬರ ಮನೆಯಲ್ಲೂ ಬಿಸಿಲಿನಲ್ಲಿ ನೀರು ಕಾಯಿಸುವ ಸೋಲಾರ್ ಇತ್ತೆಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ.

ನಮ್ಮ ಕಡೆಯದು ಬೋರ್‌ವೆಲ್ ನೀರು. ಸಾವಿರ ಅಡಿ ಬಂಡೆಯ ಕೆಳಗಿನಿಂದ ಬರುವಾಗ ಸುಣ್ಣವನ್ನೂ ಹೊತ್ತು ತರುತ್ತದೆ. ಕಾಯ್ದಾಗ ಆ ಸುಣ್ಣ ಗೀಸರಿನ ಕಾಯಿಲ್ ಮೇಲೆ ಹೆಕ್ಕಳೆಗಟ್ಟಿ ಕೂರುತ್ತದೆ. ಹೆಕ್ಕಳೆಯ ಕೆಳಗೆ ಸಿಕ್ಕಿಬಿದ್ದ ನೀರು ಆವಿಯಾಗಿ, ಪದರವನ್ನು ಒಡೆದುಕೊಂಡು ಹೊರಗೆ ಬರುತ್ತದೆ. ಹುರಿಯುವಾಗ ಕಡಲೆ ಸಿಡಿಯುವಂಥ ಸದ್ದು ಕೇಳಿಸುವುದು ಆಗ. ಶುದ್ಧವಾಗಿರುವ ಗೀಸರು ಸಿಡಿಯುವುದಿಲ್ಲ. ತಂಬೂರಿ ಮಿಡಿದು ಬಿಟ್ಟ ಮೇಲೆ ಉಳಿಯುವ ನಾದದ ಹಾಗೆ ಮೆಲ್ಲಗೆ ಗುನುಗುತ್ತದೆ. ಇಷ್ಟು ತಿಳಿಯಲು ಎರಡು ಕಿವಿ ಮತ್ತು ಒಂದು ವಾರ ಸಾಕು.

ಯಂತ್ರಕ್ಕೆ ಅನುಮಾನ ಬಂದ ಸದ್ದುಗಳನ್ನು ಕೇಳಿ ತೀರ್ಪು ಹೇಳಲು ನಮ್ಮನ್ನು ಐದು ಜನರನ್ನು ತೆಗೆದುಕೊಂಡಿದ್ದರು. ನಾಲ್ವರು ಬೇಸತ್ತು ಬಿಟ್ಟರು. ನಾನು ಉಳಿದೆ. ಅಪ್ಪ ಶ್ರಾವಣದ ಒಂದು ತಿಂಗಳು ದೇವಸ್ಥಾನದಲ್ಲಿ ಷಟ್ಪದಿಗಳನ್ನು ವಾಚನ ಮಾಡುತ್ತಿದ್ದರು. ಕಂಬಕ್ಕೊರಗಿ ಕೂತು ಕೇಳುವುದು ನನ್ನ ಬಾಲ್ಯದ ಕೆಲಸ. ಅರ್ಥ ತಿಳಿಯುವ ಮೊದಲೇ, ಅವರ ಉಸಿರು ಎಲ್ಲಿ ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ ಎಂದು ತಿಳಿಯುತ್ತಿತ್ತು. ಸಂದರ್ಶನದಲ್ಲಿ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಪ್ರದ್ಯುಮ್ನ ಏನು ಹಾಡುತ್ತೀರಿ ಎಂದು ಕೇಳಿದ. ಹಾಡುವುದಿಲ್ಲ, ಕೇಳುತ್ತೇನೆ ಎಂದೆ. ನಕ್ಕ. ಅವನಿಗೆ ಮೂವತ್ತೆರಡು, ನನಗೆ ನಲವತ್ತೇಳು. ನಗುವ ಹಕ್ಕು ಅವನ ಕುರ್ಚಿಗಿತ್ತು.

ನಮ್ಮ ಕೊಠಡಿ ಹಿಂದೆ ಕೊಬ್ಬರಿ ಗೋದಾಮಾಗಿದ್ದ ಕಟ್ಟಡದ ಮೇಲಂತಸ್ತಿನಲ್ಲಿತ್ತು. ಗೋಡೆ ತುಂಬ ಪರದೆ, ಪರದೆ ತುಂಬ ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಮನೆ; ಯಾವುದನ್ನು ಮುಟ್ಟಿದರೂ ಆ ಮನೆಯ ಸದ್ದು ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. ಹಸಿರು ಎಂದರೆ ಆರೋಗ್ಯ, ಹಳದಿ ಎಂದರೆ ರೋಗ, ನೀಲಿ ಎಂದರೆ ಸದ್ದಿಲ್ಲ, ಅಂದರೆ ಗೀಸರ್ ವಿಶ್ರಾಂತಿಯಲ್ಲಿದೆ. ಸೇರಿದ ಎರಡನೇ ವಾರಕ್ಕೇ ನನಗೆ ಒಂದು ವಿಚಿತ್ರ ಕಂಡಿತು. ಹೆಕ್ಕಳೆಗಟ್ಟಿ, ಕಟಕಟ ಸಿಡಿಯುತ್ತಿದ್ದ ಮನೆಗಳೆಲ್ಲ ಹಸಿರು. ಹೊಸದಾಗಿ ಕೊಂಡ, ಶುದ್ಧವಾಗಿ ಗುನುಗುತ್ತಿದ್ದ ಒಂದೊಂದೇ ಗೀಸರು ಹಳದಿ. ಕಂಪನಿಯ ಜನ ವ್ಯಾನು ಹತ್ತಿ ಹೋಗಿ ಆ ಹೊಸ ಗೀಸರುಗಳನ್ನು ಬಿಚ್ಚಿ, ಏನೂ ಸಿಗದೆ, ಎರಡು ಸ್ಕ್ರೂ ಬದಲಾಯಿಸಿ ಬರುತ್ತಿದ್ದರು. ಹಳೆಯವು ನಿಶ್ಚಿಂತೆಯಿಂದ ಸಿಡಿಯುತ್ತಿದ್ದವು.

ಯಂತ್ರ ಹೀಗೇಕೆ ಕಲಿಯಿತು ಎನ್ನುವುದು ನನಗೆ ತಿಳಿದದ್ದು ಆಫೀಸಿನಲ್ಲಲ್ಲ, ನಮ್ಮ ಮನೆಯ ಅಡುಗೆಮನೆಯಲ್ಲಿ.

ಒಂದು ಬೆಳಿಗ್ಗೆ ನಮ್ಮ ಬಚ್ಚಲಿನ ಗೀಸರು ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ ಗಡಗಡ ಅನ್ನುತ್ತಿತ್ತು. ಅಷ್ಟರಲ್ಲಿ ಫೋನು ಬಂತು. ಅಮ್ಮ ಕಾಫಿ ಡಿಕಾಕ್ಷನ್ನಿಗೆ ನೀರು ಹಾಕುತ್ತ ಇನ್ನೊಂದು ಕೈಯಲ್ಲಿ ಫೋನೆತ್ತಿ, ಆ ದನಿ ಕೇಳಿದ್ದಕ್ಕೆ, "ಚೆನ್ನಾಗಿದೆಯಮ್ಮಾ, ನೀವು ಚೆನ್ನಾಗಿದೀರಾ?" ಎಂದರು. ದನಿ ಧನ್ಯವಾದ ಹೇಳಿ ಇಟ್ಟಿತು. ಬಚ್ಚಲಿನಿಂದ ಗಡಗಡ ಕೇಳಿಸುತ್ತಲೇ ಇತ್ತು.

ಆ ಸದ್ದು ಕೇಳಿಸುತ್ತಿಲ್ಲವೇ, ಯಾಕೆ ಹಾಗೆ ಹೇಳಿದಿರಿ ಎಂದೆ.

ಅಮ್ಮ ನನ್ನನ್ನೇ ಪೆದ್ದಿಯೆಂಬಂತೆ ನೋಡಿದರು. "ಬೆಳಿಗ್ಗೆ ಎದ್ದು, ಇನ್ನೂ ದೇವರಿಗೆ ದೀಪ ಹಚ್ಚಿಲ್ಲ. ಅಷ್ಟು ಮರ್ಯಾದೆಯಾಗಿ ಕೇಳ್ತಾಳೆ ಪಾಪ. ಅವಳಿಗೆ ಕೆಟ್ಟಿದೆ ಅಂತ ಹೇಳಕ್ಕಾಗತ್ತೇನೆ?"

ಅಲ್ಲಿಗೆ ಎಲ್ಲ ತಿಳಿಯಿತು. ಯಂತ್ರಕ್ಕೆ ಸದ್ದು ಕಲಿಸಿದ್ದು ಹೀಗೆ: ಓಲೆ ಸದ್ದನ್ನು ಕಳಿಸುವುದು, ದನಿ ಮನೆಯವರನ್ನು ವಿಚಾರಿಸುವುದು, ಮನೆಯವರು ಹೇಳಿದ ಮಾತನ್ನು ಸದ್ದಿನ ಜೊತೆ ಸೇರಿಸಿ ಪಾಠ ಮಾಡುವುದು. ನಾಲ್ಕು ಲಕ್ಷ ಮನೆ. ಹೇಗಿದೆ ಎಂದು ಯಾರು ಕೇಳಿದರೂ ಚೆನ್ನಾಗಿದೆ ಎನ್ನುವುದನ್ನು ನಾವು ಹಾಲು ಕುಡಿಯುವಾಗಲೇ ಕಲಿಯುತ್ತೇವೆ. ಜ್ವರದಲ್ಲಿ ಮಲಗಿದವರೂ ನೋಡಲು ಬಂದವರಿಗೆ ಹಾಗೇ ಅನ್ನುತ್ತಾರೆ. ಅದರಲ್ಲೂ ಬೆಳ್ಳಂಬೆಳಿಗ್ಗೆ, ಬಾಗಿಲಿಗೆ ನೀರು ಹಾಕುವ ಹೊತ್ತಿನಲ್ಲಿ, ಅಪಶಕುನ ನುಡಿಯುವ ಗೃಹಿಣಿ ಈ ಜಿಲ್ಲೆಯಲ್ಲಿ ಎಲ್ಲಿದ್ದಾಳೆ? ಹೀಗೆ ನಾಲ್ಕು ಲಕ್ಷ ಸುಳ್ಳನ್ನು, ಒಂದಕ್ಕಿಂತ ಒಂದು ಸಭ್ಯವಾದ ಸುಳ್ಳನ್ನು, ಯಂತ್ರ ಭಕ್ತಿಯಿಂದ ಕಂಠಪಾಠ ಮಾಡಿಕೊಂಡಿತ್ತು. ಸುಣ್ಣ ಸಿಡಿಯುವ ಸದ್ದೇ ಆರೋಗ್ಯವೆಂದು ಅದಕ್ಕೆ ಗಟ್ಟಿಯಾಗಿತ್ತು.

ಇದನ್ನು ಪ್ರದ್ಯುಮ್ನನಿಗೆ ಹೇಳಿದೆ. ಅವನು ನನ್ನ ಮಾತಿನ ಮಧ್ಯೆ ಎರಡು ಸಲ ಗಡಿಯಾರ ನೋಡಿದ. ಕೊನೆಗೆ, ನಾಲ್ಕು ಲಕ್ಷ ಜನ ಒಂದು ಮಾತು ಹೇಳುತ್ತಿದ್ದಾರೆ, ನೀವೊಬ್ಬರು ಇನ್ನೊಂದು ಹೇಳುತ್ತಿದ್ದೀರಿ, ವಿಜ್ಞಾನದಲ್ಲಿ ಯಾರನ್ನು ನಂಬಬೇಕು ಎಂದ. ಜನ ಸದ್ದಿನ ಬಗ್ಗೆ ಹೇಳುತ್ತಿಲ್ಲ, ಕೇಳಿದವರ ಮನಸ್ಸು ನೋಯಬಾರದೆಂದು ಹೇಳುತ್ತಿದ್ದಾರೆ ಎಂದೆ. ಅದನ್ನು ಅಳೆಯುವ ಮಾನವಿದೆಯೇ ಎಂದ. ಇಲ್ಲ ಎಂದೆ. ಹಾಗಾದರೆ ಅದು ಇಲ್ಲ ಎಂದ. ಅವನ ವಿಜ್ಞಾನ ಅಷ್ಟಕ್ಕೆ ಮುಗಿಯಿತು. ಏಳುವಾಗ, ಉಳಿದಂತೆ ಕೆಲಸ ಹೇಗಿದೆ ಸುಭದ್ರಮ್ಮ ಎಂದು ಕೇಳಿದ.

"ಚೆನ್ನಾಗಿದೆ ಸರ್" ಎಂದೆ.

ಅದನ್ನು ಮುಚ್ಚಿಡುವುದಿಲ್ಲ. ಈ ಕಥೆಯಲ್ಲಿ ಹೇಸಿಗೆ ಹುಟ್ಟಿಸುವವರು ಹಲವರಿದ್ದಾರೆ. ಆ ಸಾಲಿನಲ್ಲಿ ನನ್ನ ಜಾಗ ನನಗೆ ಗೊತ್ತಿದೆ.

ಆಮೇಲೆ ಮೂರು ತಿಂಗಳು ನಾನು ಸುಮ್ಮನೆ ಕೇಳಿದೆ. ಓಲೆಯನ್ನು ಗೀಸರಿಗಾಗಿ ಇಟ್ಟಿದ್ದರೂ ಬಚ್ಚಲಿನ ಬೇರೆ ಸದ್ದೂ ಅದಕ್ಕೆ ಕೇಳಿಸುತ್ತಿತ್ತು. ಜನ ಒಂಟಿಯಾಗಿದ್ದೇವೆಂದು ನಂಬಿ ಮಾಡುವ ನಿಟ್ಟುಸಿರು, ಗೊಣಗಾಟ, ಅಳು. ಇದಕ್ಕೆಲ್ಲ ಅವರು ಒಪ್ಪಿಗೆ ಕೊಟ್ಟಿದ್ದಾರೆ ಎಂದು ಕಂಪನಿ ಹೇಳುತ್ತಿತ್ತು. ಒಪ್ಪಿಗೆ ಪತ್ರ ಹನ್ನೊಂದು ಪುಟ. ಓದಿದ ಒಬ್ಬರನ್ನೂ ನಾನು ಕಂಡಿಲ್ಲ.

ಮಧುಗಿರಿಯ ಒಂದು ಮನೆಯ ಬಚ್ಚಲು ನನಗೆ ಹೀಗೆ ಪರಿಚಯವಾಯಿತು. ಮನೆಯಾಕೆ ಶಿವನಂಜಮ್ಮ. ಮಗಳು ಚಂದ್ರಕಲಾ ಹೆರಿಗೆಗೆಂದು ತವರಿಗೆ ಬಂದು, ಹೆಣ್ಣು ಮಗು ಹೆತ್ತು, ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ತಾಯಿ ಮಗುವಿಗೆ ನೀರು ಹಾಕಲು ಹನುಮಕ್ಕ ಎಂಬಾಕೆ ಬರುತ್ತಿದ್ದಳು. ಬಾಣಂತಿ ನೀರೆಂದರೆ ಗೊತ್ತಲ್ಲ. ಎಣ್ಣೆ ಅರಿಶಿನ ಹಚ್ಚಿ, ಮೈ ಕೆಂಪಗಾಗುವವರೆಗೆ ಸುಡುನೀರು, ಚೊಂಬಿನ ಮೇಲೆ ಚೊಂಬು. ಐದು ಜನ ಮೀಯುವ ನೀರು ಒಬ್ಬಳಿಗೆ. ಅದಕ್ಕಾಗಿ ಗೀಸರನ್ನು ಕಡೆಯ ಅಂಕೆಗೆ ತಿರುಗಿಸಿ, ನಸುಕಿನಲ್ಲೇ ಹಾಕಿ ಬಿಟ್ಟಿರುತ್ತಿದ್ದರು.

ಹನುಮಕ್ಕ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕುತ್ತಿದ್ದಳೆಂದು ಸದ್ದಿನಿಂದಲೇ ತಿಳಿಯುತ್ತಿತ್ತು. ಮಗುವನ್ನು ಬೈಯುತ್ತ, ಮುದ್ದಿಸುತ್ತ, ಗೀಸರನ್ನೂ ಬೈಯುತ್ತಿದ್ದಳು. ಹಂಡೆ ಆಗಿದ್ದರೆ ದೀಪಾವಳಿಗೆ ನೀರು ತುಂಬೋ ಹಬ್ಬದ ದಿನ ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದೆವು, ಇದಕ್ಕೆ ಮೇಲೊಂದು ಕುಂಕುಮ ಇಟ್ಟು ಕೈ ಮುಗಿಯುತ್ತೀರ, ಹೊಟ್ಟೆಯೊಳಗೆ ಏನಿದೆ ಅಂತ ಯಾವತ್ತಾದರೂ ನೋಡಿದ್ದೀರಾ ಎಂದು ಕೇಳುತ್ತಿದ್ದಳು. ಹುಣಸೆಯ ಹುಳಿ ಸುಣ್ಣವನ್ನು ಕರಗಿಸುತ್ತದೆ. ನಮ್ಮ ಸಂಸ್ಥೆಯ ಯಾವ ವರದಿಯಲ್ಲೂ ಇರದ ಒಂದು ವಿಷಯವನ್ನು ಮಗುವಿನ ಮೈ ತೊಳೆಯುತ್ತ ಒಬ್ಬಾಕೆ ಹೇಳುತ್ತಿದ್ದಳು, ಯಂತ್ರ ಅದನ್ನು ಗದ್ದಲವೆಂದು ಅಳಿಸಿಹಾಕುತ್ತಿತ್ತು. ಶಿವನಂಜಮ್ಮ ಮಾತ್ರ, ಬೆಳಿಗ್ಗೆ ಬೆಳಿಗ್ಗೆ ಕೆಟ್ಟ ಮಾತಾಡಬೇಡವೆಂದು ಅವಳ ಬಾಯಿ ಮುಚ್ಚಿಸುತ್ತಿದ್ದರು.

ಆ ಮನೆಯ ಗೀಸರಿನ ಸಿಡಿತಕ್ಕೆ ಒಂದು ನಡೆಯಿತ್ತು. ಮೂರು, ನಾಲ್ಕು, ಮೂರು, ನಾಲ್ಕು. ಅಪ್ಪನ ಷಟ್ಪದಿಯ ನಡೆ. ಬೇಡವೆಂದರೂ ನನ್ನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು. ದಿನದಿನಕ್ಕೂ ಹೆಕ್ಕಳೆ ದಪ್ಪವಾಗುತ್ತ, ಸದ್ದು ಭಾರವಾಗುತ್ತ ಹೋಯಿತು. ಪರದೆಯ ಮೇಲೆ ಚುಕ್ಕೆ ಇನ್ನಷ್ಟು ಹಸಿರಾಯಿತು.

ಮಗುವಿಗೆ ಇಪ್ಪತ್ತಾರನೇ ದಿನ. ಬೆಳಿಗ್ಗೆ ಏಳೂಕಾಲು. ಮೂರು, ನಾಲ್ಕು, ಮೂರು, ನಾಲ್ಕು, ಮೂರು. ನಿಂತಿತು.

ಕೇಳುವವರಲ್ಲಿ ಹೆಚ್ಚಿನವರು ಸದ್ದು ನಿಂತರೆ ಸಮಾಧಾನಪಡುತ್ತಾರೆ. ಅಪ್ಪ ಪದ್ಯದ ನಡುವೆ ನಿಲ್ಲಿಸಿದಾಗಲೂ ಎಷ್ಟೋ ಜನ ಮುಗಿಯಿತೆಂದು ಎದ್ದುಬಿಡುತ್ತಿದ್ದರು. ಆದರೆ ನಿಲ್ಲಬೇಕಾದಲ್ಲಿ ನಿಲ್ಲುವುದು ಬೇರೆ, ಉಸಿರು ಕಟ್ಟಿ ನಿಲ್ಲುವುದು ಬೇರೆ. ಮುಚ್ಚಿದ ಪಾತ್ರೆಯಲ್ಲಿ ಒತ್ತಡ ಏರುತ್ತ ಹೋದಂತೆ ನೀರಿಗೆ ಕುದಿಯಲೂ ಜಾಗವಿರುವುದಿಲ್ಲ. ಗುಳ್ಳೆ ಏಳುವುದಿಲ್ಲ, ಆದ್ದರಿಂದ ಸದ್ದೂ ಏಳುವುದಿಲ್ಲ. ನೂರು ಡಿಗ್ರಿ ದಾಟಿದರೂ ನೀರು ನೀರಾಗಿಯೇ ಇರುತ್ತದೆ, ಹೊರಗೆ ಒಂದು ದಾರಿ ಸಿಗುವವರೆಗೆ. ಕಾವು ನೋಡಿ ತಾನಾಗಿ ಕರೆಂಟು ಆರಿಸಬೇಕಿದ್ದ ಥರ್ಮೋಸ್ಟಾಟು ಸುಣ್ಣದ ಕಂಬಳಿ ಹೊದ್ದು ಮಲಗಿತ್ತು. ಒತ್ತಡ ಬಿಡುವ ವಾಲ್ವು ಇರಲೇ ಇಲ್ಲ. ಹೆಡ್‌ಫೋನಿನಲ್ಲಿ ಕರೆಂಟು ಹರಿಯುತ್ತಿರುವ ಕಾಯಿಲಿನ ಸಣ್ಣ ಝೇಂಕಾರ ಮಾತ್ರ ಉಳಿದಿತ್ತು. ಎಲ್ಲ ಮನೆಯಲ್ಲೂ ಇರುವ ಸದ್ದೆಂದು ಯಂತ್ರ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಚುಕ್ಕೆ ಹಸಿರಿನಿಂದ ನೀಲಿಗೆ ತಿರುಗಿತು. ವಿಶ್ರಾಂತಿ.

ಹೆಡ್‌ಫೋನಿನಲ್ಲಿ ಮಣೆ ಎಳೆದ ಸದ್ದು ಕೇಳಿಸಿತು. ಮಗು ಕೊಸರಾಡಿತು. ಇನ್ನು ಎರಡು ನಿಮಿಷಕ್ಕೆ ನಲ್ಲಿ ತಿರುಗಿಸುತ್ತಾರೆ.

ಕರೆಂಟು ತೆಗೆಯುವ ಅಧಿಕಾರ ನನಗಿರಲಿಲ್ಲ. ಪ್ರದ್ಯುಮ್ನನನ್ನು ಕರೆದೆ. ಬಂದ, ಪರದೆ ನೋಡಿದ, ನೀಲಿಯಿದೆಯಲ್ಲ ಎಂದ. ಬಾಣಂತಿ ಮನೆ, ಅದು ಸಿಡಿಯುತ್ತದೆ, ಕರೆಂಟು ತೆಗೆಯಿರಿ ಎಂದೆ. ನಿಯಮವಿದೆ, ಮೊದಲು ಮನೆಯವರನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದು ಒಂದು ಗುಂಡಿ ಒತ್ತಿದ. ಮಧುಗಿರಿಯಲ್ಲಿ ಫೋನು ರಿಂಗಾಯಿತು. ಪನ್ನೀರಿನ ದನಿ ಕೇಳಿತು, ನಮಸ್ಕಾರ, ನಿಮ್ಮ ಗೀಸರ್ ಹೇಗಿದೆ?

"ಚೆನ್ನಾಗೈತೆ ಕಣವ್ವ" ಎಂದರು ಶಿವನಂಜಮ್ಮ.

ಪ್ರದ್ಯುಮ್ನ ನನ್ನ ಕಡೆ ತಿರುಗಿ ಕೈ ಚೆಲ್ಲಿದ. ಚೆಲ್ಲಿದ ಆ ಎರಡು ಬಿಳಿ ಅಂಗೈಗಳನ್ನು ನಾನು ಮರೆತಿಲ್ಲ. ಅತ್ತ ದನಿ ಇನ್ನೂ ಮಾತಾಡುತ್ತಿತ್ತು, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು.

ನಮ್ಮ ಮೇಜಿನ ಮೇಲೆ ಕೆಂಪು ಮುಚ್ಚಳದ ಇನ್ನೊಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಆ ದನಿಯನ್ನು ತಡೆದು ನಾವೇ ಮಾತಾಡಬಹುದು. ಲಿಖಿತ ಅನುಮತಿಯಿಲ್ಲದೆ ಮುಟ್ಟಕೂಡದು. ಒತ್ತಿದೆ. ಪ್ರದ್ಯುಮ್ನ ನನ್ನ ಮಣಿಕಟ್ಟು ಹಿಡಿದ. ಹಿಡಿದುಕೊಂಡಿರಲಿ ಎಂದು ಬಿಟ್ಟು, ಬಾಯಲ್ಲಿ ಮಾತಾಡಿದೆ. ಅಮ್ಮಾ, ನಲ್ಲಿ ಮುಟ್ಟಬೇಡಿ, ಗೀಸರ್ ಸಿಡಿಯುವ ಹಾಗಿದೆ ಎಂದೆ.

ಶಿವನಂಜಮ್ಮನಿಗೆ ಅದೂ ಅದೇ ದನಿಯೇ ಅನ್ನಿಸಿರಬೇಕು. "ಆಯ್ತವ್ವ, ಚೆನ್ನಾಗೈತೆ. ಐದಕ್ಕೆ ಐದು ಹಾಕ್ಕೊ."

"ಹನುಮಕ್ಕನ ಕೈಗೆ ಫೋನ್ ಕೊಡಿ" ಎಂದೆ.

ಹೆಸರು ಕೇಳಿ ಅವರು ಗಾಬರಿಯಾದರು. ಆಮೇಲೆ ಒದ್ದೆ ಕೈಯ ಸದ್ದು, ಒರಟು ದನಿ. "ಯಾವಳವ್ವ ನೀನು, ನೀರ್ ಹಾಕೋ ಹೊತ್ನಾಗೆ?"

"ಗೀಸರ್ ಸದ್ದು ನಿಂತಿದೆಯಾ?"

"ಆಗ್ಲೇ ನಿಂತೈತೆ. ಕೆಂಪು ದೀಪ ಮಾತ್ರ ಉರೀತೈತೆ. ಉಸಿರು ಕಟ್ಟಿದಂಗೈತೆ ಅಂತ ನಾನೂ ಅಂದೆ. ಈವಮ್ಮ ಬಿಡ್ತು ಅನ್ನು ಅಂದ್ರು."

"ನಲ್ಲಿ ಮುಟ್ಟಬೇಡಿ. ಮೇನ್ ಸ್ವಿಚ್ ತೆಗೆದು, ಎಲ್ಲರನ್ನೂ ಕರ್ಕೊಂಡು ಬೀದಿಗೆ ಹೋಗಿ. ಈಗಲೇ."

ಹನುಮಕ್ಕ ಖಚಿತಪಡಿಸಿಕೊಳ್ಳಲಿಲ್ಲ. ನನ್ನ ಹೆಸರು, ಹುದ್ದೆ, ಅನುಮತಿ ಪತ್ರ ಯಾವುದನ್ನೂ ಕೇಳಲಿಲ್ಲ. ತಾನೂ ಕೇಳಿಸಿಕೊಂಡಿದ್ದನ್ನೇ ನಾನು ಹೇಳಿದ್ದೆ, ಅವಳಿಗೆ ಅಷ್ಟು ಸಾಕಿತ್ತು. ಓಲೆಯಲ್ಲಿ ಅವಳ ಹೆಜ್ಜೆ ಕೇಳಿಸಿತು, ಎಣ್ಣೆಯ ಬಟ್ಟಲು ಉರುಳಿದ್ದು ಕೇಳಿಸಿತು, ಮಗುವಿನ ಅಳು ದೂರವಾಗುತ್ತ ಹೋದದ್ದು ಕೇಳಿಸಿತು. ಝೇಂಕಾರ ನಿಂತಿತು, ಮೇನ್ ತೆಗೆದಿದ್ದಾಳೆ. ಆದರೆ ಕರೆಂಟು ಹೋದ ಮಾತ್ರಕ್ಕೆ ಒಳಗೆ ತುಂಬಿದ ಕಾವು ಇಳಿಯುವುದಿಲ್ಲ. ಖಾಲಿ ಬಚ್ಚಲನ್ನು ನಾನು ನಲವತ್ತು ಎಣಿಸುವಷ್ಟು ಹೊತ್ತು ಕೇಳಿದೆ. ಆಮೇಲೆ ಹೆಡ್‌ಫೋನನ್ನು ಕಿತ್ತೆಸೆಯಬೇಕಾಯಿತು.

ಬಚ್ಚಲಿನ ಹೊರಗೋಡೆ ಹಿತ್ತಲಿಗೆ ಬಿತ್ತು. ಗೀಸರು ತಾರಸಿ ಸೀಳಿಕೊಂಡು ಹೋಗಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹತ್ತಿರ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಮಣೆ ಇದ್ದ ಜಾಗದಲ್ಲಿ ಮಣೆ ಇರಲಿಲ್ಲ. ಜನರೆಲ್ಲ ಬೀದಿಯಲ್ಲಿದ್ದರು, ಒಬ್ಬರಿಗೂ ಏನೂ ಆಗಲಿಲ್ಲ.

ಪರದೆಯಲ್ಲಿ ಚುಕ್ಕೆ ಒಂದು ಕ್ಷಣ ಕಡುಹಸಿರಾಗಿ ಮಿನುಗಿ ನೀಲಿಗೆ ತಿರುಗಿತು. ಸಂಶಯದಿಂದ ಮಾಡಿದ ಕರೆಯ ಕೊನೆಗೆ ಇನ್ನೊಮ್ಮೆ ವಿಚಾರಿಸಬೇಕೆಂಬುದು ನಿಯಮ. ದನಿ ತಾನಾಗಿಯೇ ಹಿಂದಿರುಗಿ ವಿಚಾರಿಸಿತು, ಈಗ ನಿಮ್ಮ ಗೀಸರ್ ಹೇಗಿದೆ? ಶಿವನಂಜಮ್ಮ ಬೀದಿಯಲ್ಲಿ, ತಲೆಯ ಮೇಲೆ ಇಟ್ಟಿಗೆಯ ಪುಡಿ ಹೊತ್ತು, ಫೋನು ಕಿವಿಗಿಟ್ಟುಕೊಂಡು, ಚೆನ್ನಾಗೈತೆ ಕಣವ್ವ ಎಂದರು. ಗೀಸರು ಸಿಡಿದ ಸದ್ದಿನ ಜೊತೆ ಆ ಮಾತೂ ಸೇರಿ ಯಂತ್ರದ ಪಾಠಕ್ಕೆ ಹೋಯಿತು. ಪ್ರದ್ಯುಮ್ನ ಅದನ್ನು ಕಣ್ಣಾರೆ ನೋಡಿದ. ನನ್ನ ಮಣಿಕಟ್ಟನ್ನು ಅವನು ಇನ್ನೂ ಬಿಟ್ಟಿರಲಿಲ್ಲ.

ಕಂಪನಿ ಎರಡು ಕ್ರಮ ಕೈಗೊಂಡಿತು. ವಿಚಾರಿಸುವ ಹೊತ್ತನ್ನು ಬೆಳಿಗ್ಗೆ ಆರೂವರೆಗೆ ಮುಂದೂಡಿತು. ಕೆಂಪು ಮುಚ್ಚಳ ತೆಗೆದದ್ದಕ್ಕೆ ನನಗೆ ನೋಟೀಸು ಕೊಟ್ಟಿತು.

ವಿಚಾರಣೆಗೆ ಮುಂಚೆ ಒಂದು ಭಾನುವಾರ ಮಧುಗಿರಿಗೆ ಹೋದೆ. ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ತಾಮ್ರದ ಹಂಡೆ ಕೂತಿತ್ತು. ಸುತ್ತ ಸೀರೆ ಕಟ್ಟಿ ಮರೆ ಮಾಡಿದ್ದರು. ಶಿವನಂಜಮ್ಮ ನನಗೆ ಕಾಫಿ ಕೊಟ್ಟು, ಕಂಪನಿಯವರು ಎಷ್ಟು ಒಳ್ಳೆಯವರು, ದಿನಾ ವಿಚಾರಿಸುತ್ತಾರೆ ಎಂದರು. ಹನುಮಕ್ಕ ಮಾತ್ರ ಮಗುವಿನ ಬೆನ್ನಿಗೆ ನೀರು ಹಾಕುತ್ತಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೇಳೋದೇ ನಿನ್ನ ಕೆಲ್ಸನಾ? ಅದಕ್ಕೆ ಸಂಬಳ ಬ್ಯಾರೆ ಕೊಡ್ತಾರಾ?"

ಹೌದೆಂದೆ.

"ಎಷ್ಟು ದಿನದಿಂದ ಕೇಳ್ತಿದ್ದೆ ನಮ್ದನ್ನ?"

ಮಗು ಹುಟ್ಟಿದ ದಿನದಿಂದ ಎಂದೆ. ಅವಳು ಚೊಂಬನ್ನು ಹಂಡೆಯ ಕಂಠದ ಮೇಲಿಟ್ಟಳು.

"ಮತ್ತೆ ಇಪ್ಪತ್ತಾರು ದಿನ ಬಾಯಾಗೆ ಏನಿಕ್ಕೊಂಡಿದ್ದೆ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಮಗುವಿನ ಮುಖಕ್ಕೆ ಉಫ್ ಎಂದು ಊದಿ, ಬಟ್ಟೆ ಸುತ್ತಿ, ನನಗೆ ಬೆನ್ನು ಹಾಕಿ ಒಳಗೆ ಹೋದಳು.

ಗುರುವಾರ ವಿಚಾರಣೆ. ಮೂವರು ಕೂತಿದ್ದರು. ಪ್ರದ್ಯುಮ್ನ ಪಕ್ಕದಲ್ಲಿ ಕಡತ ಹಿಡಿದು ನಿಂತಿದ್ದ. ನಡುವೆ ಕೂತಿದ್ದ ಹಿರಿಯರು ಸಭ್ಯರು. ನನಗೆ ಕುರ್ಚಿ ತೋರಿಸಿ, ನೀರಿನ ಲೋಟ ಮುಂದೆ ಸರಿಸಿ, "ಕೂತ್ಕೊಳ್ಳಿ ಸುಭದ್ರಮ್ಮ. ಹೇಗಿದ್ದೀರಿ? ನಮ್ಮ ಕೊಠಡಿಯಲ್ಲಿ ಎಲ್ಲ ಹೇಗಿದೆ?" ಎಂದು ನಗುತ್ತ ಕೇಳಿದರು. ಪಕ್ಕದಲ್ಲಿದ್ದವರು ನನ್ನ ಉತ್ತರವನ್ನು ಆಗಲೇ ಬರೆಯತೊಡಗಿದ್ದರು. ಕಾಗದದ ಮೇಲೆ 'ಚೆನ್ನಾ' ಎಂಬಷ್ಟು ಮೂಡಿದ್ದು ನನಗೆ ತಲೆಕೆಳಗಾಗಿ ಕಾಣುತ್ತಿತ್ತು.

"ಚೆನ್ನಾಗಿಲ್ಲ" ಎಂದೆ.

ಪೆನ್ನು ನಿಂತಿತು.